ಮುಚ್ಚಳದ ತೂತು

ಎಂಜಿನ್ ಎರಡು ಸಲ ನಿಂತಿತು ಎಂದು ಬರೆಯುತ್ತೇನೆ. ಹೆಂಡತಿಯನ್ನು ಕೇಳಿದರೆ ಒಂದೇ ಸಲ ಅನ್ನುತ್ತಾಳೆ. ನಾನು ಹೊರಗಿದ್ದೆ, ಅವಳು ಒಳಗೆ ಆಪರೇಷನ್ ಮೇಜಿನ ಮೇಲಿದ್ದಳು.

ಎಂಬತ್ತರ ದಶಕ. ಕೊಟ್ಟೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ಮದುವೆಗಳಿಗೆ ಬಾಡಿಗೆ ಹೋಗುವ ಸಣ್ಣ ಪೆಟ್ರೋಲ್ ಜನರೇಟರನ್ನು ಅಂದು ತಂಬ್ರಹಳ್ಳಿ ಕಡೆಯ ಶಾಲೆಯೊಂದಕ್ಕೆ ಒಯ್ದಿದ್ದೆ. ಮಕ್ಕಳಾಗದಂತೆ ಆಪರೇಷನ್ ಮಾಡುವ ಶಿಬಿರ. ಹೊಟ್ಟೆಗೆ ಬೆಳಕಿನ ಕೊಳವೆ ಇಳಿಸಿ ಮಾಡುತ್ತಿದ್ದರು, ಕರೆಂಟ್ ನೆಚ್ಚುವಂತಿರಲಿಲ್ಲ. ಪಟ್ಟಿಯಲ್ಲಿ ನನ್ನ ಹೆಂಡತಿಯೂ ಇದ್ದಳು. ಗಂಡಸರದು ಇದಕ್ಕಿಂತ ಸುಲಭ ಎಂದು ನರ್ಸಮ್ಮ ನನಗೆ ಹೇಳಿದ್ದರು. ನಾನು ಹೆದರಿದೆ. ಅವಳು ಹೊರಟಳು.

ಹಿಂದಿನ ದಿನವೇ ಪ್ಲಗ್ ಬಿಚ್ಚಿ ಮಸಿ ಉಜ್ಜಿದ್ದೆ, ಆಯಿಲ್ ಬದಲಿಸಿದ್ದೆ, ಏರ್ ಫಿಲ್ಟರಿನ ಸ್ಪಂಜು ತೊಳೆದಿದ್ದೆ. ಸೋಮವಾರವಾದ್ದರಿಂದ ವಿಭೂತಿ ಕಲಸಿ ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬೆರಳು ಎಳೆದಿದ್ದೆ. ಪ್ರತಿ ಸೋಮವಾರ ಹಾಗೆಯೇ, ಹಳೆಯದನ್ನು ಒರೆಸಲು ಮನಸ್ಸಾಗದೆ ಅದರ ಮೇಲೆಯೇ.

ಶಿಬಿರದಲ್ಲಿ ಹತ್ತು ನಿಮಿಷ ಓಡಿ, ಕೆಮ್ಮಿ, ನಿಂತಿತು.

ನರ್ಸಮ್ಮ ಬಾಗಿಲಿಗೆ ಬಂದರು. "ಏನ್ರಿ ಇದು! ಕೊಳವಿ ಹೊಟ್ಟ್ಯಾಗ ಐತಿ, ಡಾಕ್ಟ್ರು ಕೈ ಅಳ್ಳಾಡಿಸವಲ್ರು. ಲಗೂ ಹಚ್ರಿ!"

"ಯಾರದಾರ್ರೀ ಒಳಗ?"

"ನಿಮ್ಮಾಕಿನ."

ಎಂಜಿನ್ ಹತ್ತಿಸುವ ಹಗ್ಗ ಎಳೆದೆ, ಎಳೆದೆ. ಪ್ಲಗ್ಗಿನಲ್ಲಿ ಕಿಡಿ ಇತ್ತು. ಮುಚ್ಚಳ ತೆಗೆದು ನೋಡಿದೆ, ಅರ್ಧ ಟ್ಯಾಂಕ್ ಪೆಟ್ರೋಲ್ ಇತ್ತು. ಮುಚ್ಚಿ ಎಳೆದರೆ ಹತ್ತಿತು! ಒಳಗೆ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಇಲ್ಲ, ಆ ಸದ್ದಿನಲ್ಲಿ ಕೇಳಿಸಲಾರದು, ಈಗ ಸೇರಿಸುತ್ತಿದ್ದೇನೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು.

ಜಗಲಿಯಲ್ಲಿ ತಮ್ಮ ಹೆಂಡಂದಿರಿಗಾಗಿ ಕಾದಿದ್ದವರಲ್ಲಿ ಒಬ್ಬ ಎದ್ದು ಬಂದ. ಹತ್ತಿಗೆ ಔಷಧಿ ಹೊಡೆಯುವ, ಪೆಟ್ರೋಲಿನಿಂದ ಓಡುವ ಪಂಪನ್ನು ಬೆನ್ನಿಗೆ ಹೊತ್ತು ದುಡಿದವನು. "ಮುಚ್ಚಳದಾಗ ಗಾಳಿ ತೂತು ಇರ್ತತಿ ಮಾರಾಯ. ವಿಭೂತಿ ಮೆತ್ತಿ ಮುಚ್ಚಿಯಲ್ಲ! ಗಾಳಿ ಇಲ್ದ ಪೆಟ್ರೋಲ್ ಹೆಂಗ ಇಳಿಬೇಕು? ಹಣಿಗೆ ಹಚ್ಕಂಡಿದ್ರ ಸಾಲ್ತಿರಲಿಲ್ಲೇನು?" ಉಡಿದಾರದ ಪಿನ್ನು ಬಿಚ್ಚಿ ತೂತಿಗೆ ಚುಚ್ಚಿದ. ಎಂಜಿನ್ ಹತ್ತಿತು, ಸಂಜೆಯವರೆಗೂ ನಿಲ್ಲಲಿಲ್ಲ.

ಆದರೆ ಎರಡನೆಯ ಕತ್ತಲಿಗೇ ಡಾಕ್ಟರು ಕೊಳವೆ ಹೊರಗೆಳೆದಿದ್ದರು. ಒಂದು ಕಡೆಯ ಅಂಡನಾಳಕ್ಕೆ ಅದನ್ನು ಬಿಗಿದು ಮುಚ್ಚುವ ಉಂಗುರ ಬಿದ್ದಿತ್ತು, ಇನ್ನೊಂದು ಹಾಗೇ ಉಳಿದಿತ್ತು. ಇವತ್ತೇ ಮತ್ತೊಮ್ಮೆ ಇಳಿಸುವುದಿಲ್ಲ ಎಂದರು.

ಅವಳನ್ನು ತರಗತಿಯ ನೆಲದ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರು. "ನೀವು ಹಗ್ಗ ಎಳಿಯೋದು ಎಣಿಸ್ತಾ ಬಿದ್ದಿದ್ದೆ. ಹದಿನೇಳು," ಎಂದಳು. ನಾನು ಎಣಿಸಿರಲಿಲ್ಲ.

ನರ್ಸಮ್ಮ ನನ್ನ ಕಡೆ ತಿರುಗಿದರು. "ಮೂರು ತಿಂಗಳಿಗೆ ಮತ್ತ ಶಿಬಿರ ಐತಿ. ಇಬ್ಬರಾಗ ಯಾರ ಹೆಸ್ರು ಬರ್ಕಳ್ಳಿ?"

ನನ್ನದು ಎಂದೆನೇನೋ. ಎಷ್ಟೋ ಸಲ ಅಂದಂತೆ ನೆನಪಾಗುತ್ತದೆ, ಸ್ಪಷ್ಟವಾಗಿ, ನನ್ನ ದನಿಯಲ್ಲೇ. ಆದರೆ ಮೂರು ತಿಂಗಳ ಮೇಲೆ ಆ ಮೇಜಿನ ಮೇಲೆ ಮಲಗಿದವಳು ಅವಳೇ. ನಾನು ಹೊರಗೆ ಜನರೇಟರ್ ಕಾಯುತ್ತಿದ್ದೆ.