ಗೋಡೆ ತಟ್ಟುವ ಬೆರಳು

ನಮ್ಮ ಸೋದರಮಾವ ಎಲೆಕ್ಟ್ರಿಷಿಯನ್. ಮೂವತ್ತೈದು ವರ್ಷ ಕಂಡವರ ಗೋಡೆಗೆಲ್ಲ ಡ್ರಿಲ್ ಹಾಕಿದ, ಕರೆಂಟು ಹೊಡೆದರೂ ನಗುತ್ತಿದ್ದ ಆಸಾಮಿ. ಕೆಳಗಿನ ನಾಲ್ಕು ಹಲ್ಲು ಹೋದಮೇಲೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದ.

"ತೆಗೆದು ಹಾಕೋ ಹಲ್ಲಿನ ಸೆಟ್ ಆದ್ರೆ ಸ್ವಲ್ಪ ಅಲ್ಲಾಡುತ್ತೆ. ಇಂಪ್ಲಾಂಟ್ ಆದ್ರೆ ದವಡೆ ಮೂಳೆಗೆ ಸ್ಕ್ರೂ ಕೂರಿಸ್ತೀವಿ, ಗಟ್ಟಿಯಾಗಿ ನಿಲ್ಲುತ್ತೆ," ಅಂದರು ಡಾಕ್ಟರು.

"ಒಳಗೆ ವೈರಿಂಗ್ ಎಲ್ಲಿ ಹೋಗಿದೆ?" ಅಂದ ಮಾವ.

ಡಾಕ್ಟರು ನಕ್ಕು, ಎಕ್ಸ್‌ರೇಯಲ್ಲಿ ನರದ ಗೆರೆ ತೋರಿಸಿದರು. "ಇದಕ್ಕೆ ತಗಲದ ಹಾಗೆ ಅಳತೆ ಮಾಡೇ ಕೊರೀತೀವಿ." ಆಮೇಲೆ ಮಾವನ ದವಡೆಯನ್ನು ಬೆರಳಿಂದ ಎರಡು ಸಲ ತಟ್ಟಿ, "ಏನೂ ಆಗಲ್ಲ ಬಿಡಿ," ಅಂದರು.

ಮಾವನ ಮುಖ ಬಿಳಿಚಿಕೊಂಡಿತು. ಧಡಕ್ಕನೆ ಎದ್ದು, "ನಂಗೆ ಸೆಟ್ಟೇ ಸಾಕು," ಅಂದವನೇ ಹೊರಗೆ ನಡೆದ.

ನನಗೆ ರೇಗಿಹೋಯಿತು. "ಅಷ್ಟು ಬಿಡಿಸಿ ಹೇಳಿದ್ರೂ ಎಳೇ ಮಗು ಥರ ಆಡ್ತೀಯಲ್ಲ ಮಾವ!" ಅಂದೆ ಮೆಟ್ಟಿಲ ಮೇಲೆ.

ಮಾವ ಪಕ್ಕದ ಗೋಡೆಯನ್ನು ಬೆರಳಿಂದ ಎರಡು ಸಲ ತಟ್ಟಿದ.

"ಪ್ರತಿ ಮನೇಲೂ ನಾನು ಹಿಂಗೇ ತಟ್ಟಿ, 'ಏನೂ ಆಗಲ್ಲ ಬಿಡಿ' ಅಂತಿದ್ದೆ ಕಣೇ. ಒಳಗೆ ವೈರ್ ಎಲ್ಲಿದೆ ಅಂತ ದೇವರಾಣೆಗೂ ಗೊತ್ತಿರ್ತಿರಲಿಲ್ಲ."