ಹಿಂದಿನ ಸಾಲು, ಮುಂದಿನ ಸಾಲು

"ದೇವರು ನನಗೆ ಹೇಳಿದರು" ಎಂದು ಯಾರೇ ಓಡಿಬಂದರೂ ಆ ಮನೆಯ ದೊಡ್ಡ ಸೊಸೆ ಹೊಲಿಗೆಯಂತ್ರ ನಿಲ್ಲಿಸಿ, ಕನ್ನಡಕವನ್ನು ಸೆರಗಿಗೆ ಒರೆಸಿ, ಸತ್ಯವೇದ, ಅಂದರೆ ಬೈಬಲ್, ಬಿಡಿಸುತ್ತಿದ್ದಳು. "ಒಂದೇ ವಾಕ್ಯ ಕಿತ್ಕೊಂಡು ಓಡ್ಬೇಡ. ಹಿಂದಿನ ಸಾಲು, ಮುಂದಿನ ಸಾಲೂ ಓದು. ಅದು ದೇವರ ದನಿಯೋ, ನಿನ್ನ ಆಸೆಯ ದನಿಯೋ ಗೊತ್ತಾಗುತ್ತೆ," ಎನ್ನುತ್ತಿದ್ದಳು. ಮದುವೆ ಗೊತ್ತಾದವರು, ಮುನಿಸಿಕೊಂಡವರು, ಕಡೆಗೆ ಪಾದ್ರಿಯ ಹೆಂಡತಿಯೂ ಅವಳ ಹೊಲಿಗೆಯ ಮೂಲೆಗೇ ಬರುತ್ತಿದ್ದರು. ಅಧ್ಯಾಯಗಟ್ಟಲೆ ಬಾಯಿಪಾಠ ಬರುತ್ತಿದ್ದ ಚಿಕ್ಕ ಸೊಸೆಯನ್ನು ಕೇಳುವವರೇ ಇಲ್ಲ. ಅವಳು ಪಕ್ಕದಲ್ಲೇ ಗುಂಡಿ ಹೊಲಿಯುತ್ತ ಒಳಗೊಳಗೇ ಬೇಯುತ್ತಿದ್ದಳು. ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು: "ಅಕ್ಕಾ, ನೀನು ನಡೆಸೋ ಪ್ರಾರ್ಥನೆಕೂಟ ಇನ್ಮೇಲೆ ನಾನು ನಡೆಸ್ಬೇಕಂತೆ. ದೇವರು ವಾಕ್ಯ ಕೊಟ್ಟರು." ಯಂತ್ರ ನಿಂತಿತು. ಅಕ್ಕ ಪುಸ್ತಕ ಬಿಡಿಸಲಿಲ್ಲ. "ನಿನ್ನ ಮಾತು ಕೇಳಿದ್ದೇ ಹೊಟ್ಟೆ ಉರೀತು ಕಣೇ. ಈಗ ನಾನು ಏನು ಹೇಳಿದ್ರೂ ಅದು ನನ್ನ ದನಿಯೇ. ನೀನೇ ಓದು, ಇಬ್ಬರೂ ಕೇಳೋಣ." ಚಿಕ್ಕವಳು ಕನ್ನಡಕ ಈಸಿಕೊಂಡು, ಮೊದಲ ಸಲ ಬಾಯಿಪಾಠ ಬಿಟ್ಟು, ತನಗೆ ಸಿಕ್ಕ ವಾಕ್ಯದ ಹಿಂದಿನ ಸಾಲಿನಿಂದ ಓದತೊಡಗಿದಳು.