ಹದಿನಾರು ಡಿಗ್ರಿಯ ಪೆಟ್ಟಿಗೆ

ಕಣ್ಣಾಸ್ಪತ್ರೆಯಲ್ಲಿ ನಮ್ಮ ಚಿಕ್ಕಮ್ಮನನ್ನು ಎಲ್ಲರೂ ‘ಹದಿನಾರಮ್ಮ’ ಎಂದೇ ಕರೆಯುತ್ತಾರೆ. ತೀರಿಕೊಂಡವರು ದಾನ ಕೊಟ್ಟ ಕಣ್ಣಿನಿಂದ ಅಕ್ಷಿಪಟಲದ ಜೀವಕೋಶಗಳನ್ನು ತೆಗೆದು, ಹತ್ತು ವಾರ ಬೆಳೆಸಿ, ನೋಟ ಕೆಡುತ್ತಿರುವವರ ಕಣ್ಣೊಳಗೆ ಕೂರಿಸುವ ಪ್ರಯೋಗ ಅಲ್ಲಿ ನಡೆದಿದೆ. ಬೆಳೆದ ಕೋಶಗಳು ಶಸ್ತ್ರಚಿಕಿತ್ಸೆಯವರೆಗೆ ಒಂದು ಪೆಟ್ಟಿಗೆಯೊಳಗೆ ಹದಿನಾರು ಡಿಗ್ರಿಯಲ್ಲೇ ಇರಬೇಕು. ಸೆಖೆಯಾದರೆ ಹಸಿದು ಸಾಯುತ್ತವೆ, ಚಳಿಯಾದರೆ ಹಿಡಿತ ಬಿಟ್ಟು ಉದುರುತ್ತವೆ. ಅವನ್ನು ಕಾಯುವುದೇ ಚಿಕ್ಕಮ್ಮನ ಕೆಲಸ. ಮನೆಯಲ್ಲಿ ದಿನಕ್ಕೊಮ್ಮೆ ಹಾಲು ಉಕ್ಕಿಸುವವಳು, ಆ ಪೆಟ್ಟಿಗೆಯ ಮುಳ್ಳನ್ನು ಮಾತ್ರ ಒಂಬತ್ತು ವರ್ಷ ಅಲುಗಾಡಲು ಬಿಟ್ಟಿರಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಾಗ ಪೆಟ್ಟಿಗೆಯ ಜಾಗದಲ್ಲಿ ಹೂಕುಂಡವಿತ್ತು. ಪರಿಶೀಲನೆಗೆ ತಂಡ ಬರುತ್ತದೆಂದು ಮ್ಯಾನೇಜರ್ ಸಾಹೇಬರು, ಅವಳು ಹಿಂದಿನ ಸಂಜೆ ಮನೆಗೆ ಹೊರಟ ಮೇಲೆ, ಕೊಠಡಿ ಚೊಕ್ಕ ಮಾಡಿಸಿದ್ದರು. ಕೋಶಗಳ ಡಬ್ಬಿ ಔಷಧಿಯ ಫ್ರಿಜ್ಜಿನಲ್ಲಿತ್ತು. ನಾಲ್ಕು ಡಿಗ್ರಿ. ಪೆಟ್ಟಿಗೆಯ ಮೇಲೆ ಅವಳ ಫೋನ್ ನಂಬರು ಕೆಂಪಕ್ಷರದಲ್ಲಿತ್ತು. ಒಂದು ಮಾತು ಕೇಳಬಹುದಿತ್ತು.

“ಯಾಕ್ ಸರ್ ಹೀಗ್ ಮಾಡಿದ್ರಿ?”

“ಇನ್ನೂ ತಣ್ಣಗಿರೋ ಕಡೆನೇ ಇಡ್ಸಿದೀನಲ್ಲಮ್ಮ. ತಣ್ಣಗಿದ್ದಷ್ಟೂ ಒಳ್ಳೇದಲ್ವಾ?”

“ಅದೇನ್ ಮೊಸರಾ ಸರ್, ಹುಳಿಯಾಗ್ದೆ ಇರ್ಲಿ ಅನ್ನೋಕೆ?”

ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಕಲ್ಲುಹಾಸಿನಂತೆ ಒತ್ತೊತ್ತಾಗಿರಬೇಕಾದ ಕೋಶಗಳು ಗುಂಡಗಾಗಿ, ಬಿಡಿಬಿಡಿಯಾಗಿ ತೇಲುತ್ತಿದ್ದವು. ಯಾರೋ ಸಾಯುವಾಗ ಕೊಟ್ಟು ಹೋದದ್ದು, ಇವಳು ಹತ್ತು ವಾರ ಸಾಕಿದ್ದು, ಒಂದು ಹೂಕುಂಡಕ್ಕಾಗಿ ಹೋಯಿತು. ಡಾಕ್ಟರು ಆ ದಿನದ ಶಸ್ತ್ರಚಿಕಿತ್ಸೆ ರದ್ದು ಮಾಡಿದರು.

ಅದಕ್ಕಾಗಿ ಹೊರಗೆ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದವನು ಒಬ್ಬ ಬಡಗಿ. ವರ್ಷದಿಂದ ಅವನಿಗೆ ನೇರ ಗೆರೆಗಳೆಲ್ಲ ಸೊಟ್ಟಗೆ ಕಾಣುತ್ತಿದ್ದವು.

“ಡಾಕ್ಟರಿಗೆ ಹುಷಾರಿಲ್ಲ ಅಂದು ಕಳಿಸಿಬಿಡಿ,” ಎಂದರು ಸಾಹೇಬರು. “ತಾಪಮಾನದ ಪಟ್ಟೀಲಿ ಹದಿನಾರು ಅಂತ ಬರೀರಿ. ಒಂದು ರಾತ್ರೀಲಿ ಏನ್ ಮಹಾ ಆಗುತ್ತೆ?”

“ಆಗೋದು ಆಗ್ಹೋಗಿದೆ. ಬಗ್ಗಿ ನೋಡಿ ಬೇಕಾದ್ರೆ.”

ಅವರು ಬಗ್ಗಲಿಲ್ಲ. ಚಿಕ್ಕಮ್ಮ ಪಟ್ಟಿಯಲ್ಲಿ ನಾಲ್ಕು ಎಂದು ಬರೆದಳು. ಡಬ್ಬಿ ಜಾಗ ಬದಲಿಸಿದ್ದು ಯಾರ ಆದೇಶದ ಮೇಲೆ ಎಂಬುದನ್ನೂ ಬರೆದು ಸಹಿ ಹಾಕಿದಳು. ಆಮೇಲೆ ಬೆಂಚಿನ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

“ಹಾಗಾದ್ರೆ ಇನ್ನು?” ಎಂದ ಬಡಗಿ.

“ಇನ್ನೊಬ್ರ ಕಣ್ಣು ದಾನ ಬರ್ಬೇಕಣ್ಣ. ಆಮೇಲೆ ಹತ್ತು ವಾರ.”

“ಅಲ್ಲೀವರ್ಗೆ ನನ್ ಕಣ್ಣು ತಡೆಯುತ್ತಾ?”

“ಗೊತ್ತಿಲ್ಲ. ಸುಳ್ಳು ಹೇಳಲ್ಲ ನಿಮ್ಗೆ.”

ಅವನು ಬೆಂಚಿಗೆ ಕೈಯೂರಿ ಎದ್ದ. “ಡಬ್ಬಿ ಎತ್ತಿಡ್ಸಿದ ಆ ಪುಣ್ಯಾತ್ಮ ಯಾರು? ಒಂದ್ಸಲ ಹತ್ರದಿಂದ ತೋರ್ಸಿ. ದೂರದವರು ನಂಗೆ ಸೊಟ್ಟಗೆ ಕಾಣ್ತಾರೆ.”

ಚಿಕ್ಕಮ್ಮ ಅವನ ಮೊಣಕೈ ಹಿಡಿದು ಕೊಠಡಿಗೆ ಕರೆತಂದಳು. ಪರಿಶೀಲನಾ ತಂಡ ಆಗಲೇ ಬಂದಿತ್ತು. ಸಾಹೇಬರು ಹಲ್ಲು ಕಿರಿಯುತ್ತಾ ಗೋಡೆಯ ಹೊಸ ಬಣ್ಣ ತೋರಿಸುತ್ತಿದ್ದರು.

“ತಾಪಮಾನದ ಪಟ್ಟಿ ಎಲ್ಲಿ?” ಎಂದು ತಂಡದ ಹಿರಿಯರು ಕೇಳಿದರು. ಸಾಹೇಬರು ಅವಸರದಲ್ಲಿ ಕೈಚಾಚಿದರು. ಚಿಕ್ಕಮ್ಮ ಪಟ್ಟಿಯನ್ನು ಎದೆಗವಚಿಕೊಂಡು, ಬಡಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವನಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದತೊಡಗಿದಳು.